ಮೂರನೇ ತರಗತಿಯ ಮಗುವಿಗೆ ಓದು ಬಾರದಿರುವುದು: 2022-23ನೇ ಸಾಲಿನಲ್ಲಿ ಪೋಷಕರೊಬ್ಬರು ಕೇಳಿದ ಪ್ರಶ್ನೆಗೆ ಪ್ರತಿಕ್ರಿಯೆ

ಮೂರನೇ ತರಗತಿಯ ನಿಮ್ಮ ಮಗಳು ಕಾಗುಣಿತವನ್ನು ಬಾಯಿಪಾಠ ಒಪ್ಪಿಸಿದರೂ ಪಾಠದ ಸಾಲನ್ನು ಓದಲಾರದಿರುವುದಕ್ಕೆ ಕಾರಣ, ಬಹುಶಃ, ಕೋವಿಡ್‌ನಿಂದ ಶಾಲೆ ಮುಚ್ಚಿ ಅವಳ ಒಂದನೇ ತರಗತಿ ಪೂರ್ತಿ ಮೊಬೈಲಿನಲ್ಲೇ ಕಳೆದು, ಎರಡನೆಯದು 2021ರ ಅಕ್ಟೋಬರ್ 25ರಂದು ಶಾಲೆ ತೆರೆದ ಮೇಲಷ್ಟೇ ಸರಿಯಾಗಿ ಆರಂಭವಾದದ್ದು. ಕಿವಿ ಕಲಿತಿದೆ, ಕಣ್ಣು ಮತ್ತು ಕೈ ಕಲಿತಿಲ್ಲ.

ದೃಷ್ಟಿದೋಷವೂ ಇರಬಹುದಾದ್ದರಿಂದ, ಪುಸ್ತಕದಲ್ಲಿ ಓದಿದ ಪದವನ್ನೇ ಕರಿಹಲಗೆಯ ಮೇಲೆ ಗುರುತಿಸಲು ತಡವರಿಸಿದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬಳಿಕ ಮೂರನೆಯ ತರಗತಿಯ ಪುಸ್ತಕವನ್ನು ಕೆಲಕಾಲ ಬದಿಗಿಟ್ಟು, ಮರ, ಬಸವ ಎಂಬಂಥ ಗುಣಿತವಿಲ್ಲದ ಪದಗಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಓದಿಸಿ, ಓದಿದ್ದನ್ನೇ ಉಕ್ತಲೇಖನವಾಗಿ ಬರೆಸಿ. ಅವು ತಡೆಯಿಲ್ಲದೆ ಬಂದ ಮೇಲೆ ಗುಣಿತಾಕ್ಷರದ ಪದಗಳಿಗೂ, ಅನಂತರ ಅಕ್ಕ, ಹಗ್ಗದಂಥ ಸಜಾತಿ ಒತ್ತುಗಳಿಗೂ, ಕಟ್ಟಕಡೆಗೆ ಪುಸ್ತಕ, ರಾತ್ರಿಯಂಥ ವಿಜಾತಿ ಒತ್ತುಗಳಿಗೂ ಹೋಗಿ. ನನ್ನ ಮಗನ ವಿಷಯದಲ್ಲಿ ಈ ಕೊನೆಯ ಹಂತಕ್ಕೇ ಎರಡು ತಿಂಗಳು ಹಿಡಿಯಿತು. ಟ್ಯೂಷನ್ನಿಗೆ ಸೇರಿಸುವ ಅವಸರ ಬೇಡ, ಅಲ್ಲಿ ಸಾಮಾನ್ಯವಾಗಿ ಮೂರನೆಯ ತರಗತಿಯ ಪ್ರಶ್ನೋತ್ತರಗಳನ್ನೇ ಬರೆಸುತ್ತಾರೆ.

ಸರ್ಕಾರಿ ಶಾಲೆಯಾದರೆ, ಕೋವಿಡ್ ಕಾಲದಲ್ಲಿ ತಪ್ಪಿದ ಕಲಿಕೆಯನ್ನು ತುಂಬಿಸುವ, 2022-23ನೇ ಸಾಲಿನ ಕಲಿಕಾ ಚೇತರಿಕೆ ಕಾರ್ಯಕ್ರಮದ ಕಲಿಕಾ ಹಾಳೆಗಳಲ್ಲಿ ಅವಳು ಎಲ್ಲಿ ನಿಂತಿದ್ದಾಳೆಂದು ತರಗತಿ ಶಿಕ್ಷಕರನ್ನು ಕೇಳಿ, ಮನೆಯ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.