ಫೋನ್ ರಿಂಗಾದರೆ ಎದೆ ಡವಡವ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ ಒಪ್ಪಿದ್ದನ್ನಷ್ಟೇ ಬರೆದಿದ್ದೇನೆ.)

"ಮೇಡಂ, ನಮ್ಮ ಮಗಳು ನಮಗೇ ಸುಳ್ಳು ಹೇಳಿಬಿಟ್ಟಳು." ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ತಾಯಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತು ಇದು. ಮಗಳಿಗೆ 19 ವರ್ಷ. ಮನೆಯಿಂದ ದೂರದ ವಿಶ್ವವಿದ್ಯಾಲಯದಲ್ಲಿ ಎರಡನೇ ಸೆಮಿಸ್ಟರ್. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾಗಿದ್ದವು. "ರಿಸಲ್ಟ್ ಇನ್ನೂ ಬಂದಿಲ್ಲ" ಎಂದೇ ಎರಡು ತಿಂಗಳು ದೂಡಿದ್ದಳು.

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಅವಳು ಹೇಳಿದ್ದು ನನ್ನಲ್ಲೇ ಇರುತ್ತದೆ, ಪ್ರಾಣಕ್ಕೆ ಅಪಾಯ ಅನಿಸಿದರೆ ಮಾತ್ರ ತಿಳಿಸುತ್ತೇನೆ ಎಂದು ತಂದೆ ತಾಯಿಗೆ ಮೊದಲೇ ಹೇಳಿದ್ದೆ. ತಾಯಿಗೆ ಇದು ಹಿಡಿಸಲಿಲ್ಲ.

"ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡ್ತಾರೆ" ಎಂದಳು ಹುಡುಗಿ. "ಓದಿದ್ಯಾ, ಎಷ್ಟು ಬಂತು, ಇಷ್ಟೇ ಮಾತು. ಫೋನ್ ರಿಂಗಾದರೆ ಎದೆ ಡವಡವ ಅನ್ನುತ್ತೆ. ಮೊದಲ ಟೆಸ್ಟಲ್ಲಿ ಕಡಿಮೆ ಬಂದಾಗ ನಿಜಾನೇ ಹೇಳಿದ್ದೆ. ಅಪ್ಪ ಒಂದು ವಾರ ಮಾತು ಬಿಟ್ಟರು."

ನನಗೆ ಗಂಟು ಕಂಡಿದ್ದು ಅಲ್ಲಿ. ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಮೌನ. ಮತ್ತೆ ಯಾಕೆ ಹೇಳುತ್ತಾಳೆ?

ರಾತ್ರಿ ನಾಲ್ಕೈದು ಗಂಟೆ ಮಾತ್ರ ಮಲಗುತ್ತಿದ್ದಳು. ಈ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಬಹಳ ಮನೆಗಳಲ್ಲಿ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ದಯವಿಟ್ಟು ಕೇಳಿ.

ವಿಭಾಗದ ಮುಖ್ಯಸ್ಥರನ್ನು ತಾವೇ ಹೋಗಿ ಕಾಣಲು ತಂದೆ ತಯಾರಾಗಿದ್ದರು. ಬೇಡ ಎಂದೆ. ಮರುಪರೀಕ್ಷೆ ಯಾವಾಗ, ಎಷ್ಟು ಅವಕಾಶ ಇದೆ ಎಂದು ಅವಳೇ ವಿಚಾರಿಸಲಿ. ಅರ್ಜಿ ಅವಳೇ ಬರೆಯಲಿ, ಕೇಳಿದರೆ ನೀವು ಓದಿ ನೋಡಿ. ತಿಂಗಳ ಖರ್ಚಿನ ಹಣವನ್ನು ಅಂಕಗಳಿಗೆ ಗಂಟು ಹಾಕಬೇಡಿ ಎಂದೂ ಹೇಳಿದೆ.

ಜಾಸ್ತಿ ಹೊತ್ತು ಮಾತಾಡಿದ್ದು ಫೋನಿನ ಬಗ್ಗೆ. ವಾರಕ್ಕೆ ಎರಡು ಸಲ ಸಾಕು, ಸಮಯ ಅವಳೇ ಹೇಳಲಿ. ಮೊದಲ ಹತ್ತು ನಿಮಿಷ ಓದಿನ ಸುದ್ದಿ ಬೇಡ. ಕಷ್ಟ ಹೇಳಿಕೊಂಡರೆ, "ಸುಮ್ನೆ ಕೇಳಿಸ್ಕೊಳ್ಳಲಾ, ಏನಾದ್ರೂ ಹೇಳಲಾ?" ಎಂದು ಕೇಳಿ.

"ಹಾಗಾದರೆ ನಾನು ಏನು ಮಾತಾಡಲಿ, ಮೇಡಂ?" ಎಂದರು ತಾಯಿ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು ಅದು. ಅವರ ಮೇಲೆ ನನಗೆ ತುಂಬಾ ಅಕ್ಕರೆ ಬಂತು. ಇಷ್ಟು ವರ್ಷ ಮಗಳ ಓದೇ ಅವರ ದಿನಚರಿಯಾಗಿತ್ತಲ್ವಾ. "ನಿಮ್ಮ ದಿನ ಹೇಗಿತ್ತು ಅಂತ ಹೇಳಿ" ಎಂದೆ.

ತಂದೆಗೆ ಒಂದೇ ಕೆಲಸ ಕೊಟ್ಟೆ. ಅವತ್ತು ಮಾತು ಬಿಟ್ಟಿದ್ದು ತಪ್ಪು ಎಂದು ಮಗಳಿಗೆ ಹೇಳಬೇಕು. ಅದಕ್ಕೆ ಅವರಿಗೆ ಎರಡು ವಾರ ಹಿಡಿಯಿತು.

ಎಚ್ಚರಿಕೆಯನ್ನೂ ಹೇಳಿದ್ದೆ. ಎರಡು ವಾರ ಬಿಡದೆ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟರೆ, ಗೆಳತಿಯರಿಂದಲೂ ದೂರ ಸರಿದರೆ ವೈದ್ಯರನ್ನು ಕಾಣಿಸಿ. ಸಾಯುವ ಮಾತು ಬಂದರೆ ಅವತ್ತೇ ಹೊರಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ.

ಮರುಪರೀಕ್ಷೆಯಲ್ಲಿ ಒಂದು ವಿಷಯ ಪಾಸಾಯಿತು, ಇನ್ನೊಂದು ಮತ್ತೆ ಹೋಯಿತು. ಫಲಿತಾಂಶ ಬಂದ ಸಂಜೆಯೇ ಅವಳು ಮನೆಗೆ ಫೋನ್ ಮಾಡಿ ಹೇಳಿದಳು. ಅಪ್ಪನಿಗೆ.