ಲಿಫ್ಟ್ ಮಾಡಿಸಿದ ಸಿಲ್ವರಾಡೊಗೆ ಹೆಚ್ಚುವರಿ ಟ್ರಾನ್ಸ್‌ಮಿಷನ್ ಕೂಲರ್: ಯಾವ ಲೈನ್‌ಗೆ, ಎಲ್ಲಿ, ಹೇಗೆ?

ನಿಮ್ಮ ಪ್ರಶ್ನೆ ಹೀಗಿದೆ: 2004ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್, 5.3 ಲೀಟರ್ ಇಂಜಿನ್, ಫೋರ್‌ವೀಲ್ ಡ್ರೈವ್, 6 ಇಂಚು ಲಿಫ್ಟ್ (ಗಾಡಿಯನ್ನು ಎತ್ತರಿಸಿದ್ದು), 35 ಇಂಚಿನ ಟೈರ್, 3.73 ಗೇರ್ (ಡಿಫರೆನ್ಷಿಯಲ್‌ನ ಗೇರ್ ಅನುಪಾತ). ಕೊಲೊರಾಡೊದ ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಟ್ರೇಲರ್ ಎಳೆದುಕೊಂಡು ಐಸೆನ್‌ಹವರ್ ಸುರಂಗದ ಕಡೆ ಏರುವಾಗ ಟ್ರಾನ್ಸ್‌ಮಿಷನ್ 240 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆ. ಟ್ರಾನ್ಸ್‌ಮಿಷನ್ ಆಯಿಲನ್ನು ತಣ್ಣಗಾಗಿಸುವ ಕೂಲರ್ ಹಾಕಿದರೆ ಸಾಕೇ?

ಕೂಲರ್ ಹಾಕಲೇಬೇಕು. 175ರಿಂದ 200 ಡಿಗ್ರಿಯೊಳಗೆ ಓಡುವ ಆಯಿಲ್ ಬಹಳ ಕಾಲ ಬಾಳುತ್ತದೆ. 240 ದಾಟಿದರೆ ಸುಟ್ಟು ಅಂಟಾಗಿ ವಾಲ್ವ್‌ಗಳ ಮೇಲೆ ಕೂರುತ್ತದೆ, ಸೀಲ್‌ಗಳೂ ಗಟ್ಟಿಯಾಗುತ್ತವೆ. ಆದರೆ ದುಡ್ಡು ಖರ್ಚು ಮಾಡುವ ಮೊದಲು ಶಾಖ ಎಲ್ಲಿ ಹುಟ್ಟುತ್ತಿದೆ ನೋಡಿ. ಈ ಗಾಡಿಯ 4ಎಲ್60ಇ ಟ್ರಾನ್ಸ್‌ಮಿಷನ್‌ನಲ್ಲಿ ಅದರ ದೊಡ್ಡ ಪಾಲು ಬರುವುದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಟ್ರಾನ್ಸ್‌ಮಿಷನ್‌ಗೆ ದಾಟಿಸುವ ಭಾಗ) ಲಾಕ್ ಆಗದೆ ಓಡುವಾಗ. ಸ್ಕ್ಯಾನರ್ ಹಾಕಿ ನೋಡಿ: ಸ್ಲಿಪ್ ಸೂಚಿಸುವ ಪಿ1870 ಕೋಡ್ ಇದ್ದರೆ, ಅಥವಾ ಲಾಕ್ ಆಜ್ಞೆ ಬಂದ ಮೇಲೂ ಸ್ಲಿಪ್ ಆರ್‌ಪಿಎಂ (ಇಂಜಿನ್ ಮತ್ತು ಟ್ರಾನ್ಸ್‌ಮಿಷನ್ ವೇಗಗಳ ಅಂತರ) ಸೊನ್ನೆಯ ಹತ್ತಿರ ಬರದಿದ್ದರೆ, ದೋಷ ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಯಲ್ಲೋ ಕನ್ವರ್ಟರ್‌ನಲ್ಲೋ ಇದೆ. ಅದನ್ನು ಯಾವ ಕೂಲರ್ ಕೂಡ ಸರಿಮಾಡುವುದಿಲ್ಲ.

ಎರಡನೆಯದು ಗೇರ್. ಕಂಪನಿಯ ಟೈರ್ ಸುಮಾರು 31.6 ಇಂಚಿನದಾಗಿದ್ದರೆ, 35 ಹಾಕಿದ ಮೇಲೆ ನಿಮ್ಮ 3.73 ಕೆಲಸ ಮಾಡುವುದು 3.37ರ ಹಾಗೆ. ಏರಿನಲ್ಲಿ ಕನ್ವರ್ಟರ್ ಪದೇ ಪದೇ ಲಾಕ್ ಬಿಡುವುದಕ್ಕೆ ಇದೇ ಮುಖ್ಯ ಕಾರಣ. 4.10 ಹಾಕಿಸಿದರೆ ಹಳೆಯ ಎಳೆತ ಮರಳುತ್ತದೆ ಅಷ್ಟೇ. ಟ್ರೇಲರ್ ಎಳೆಯುವವರಿಗೆ ನನ್ನ ಸಲಹೆ 4.56, ಅದೂ ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್‌ಗೆ.

ಈಗ ಕೂಲರ್. ಸ್ಟ್ಯಾಕ್ಡ್ ಪ್ಲೇಟ್ (ತೆಳು ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ) ಮಾದರಿಯನ್ನೇ ಕೊಳ್ಳಿ; ಹೇಡನ್, ಡೆರೇಲ್, ಟ್ರೂ-ಕೂಲ್, ಬಿ ಆ್ಯಂಡ್ ಎಂ, ಎಲ್ಲರಲ್ಲೂ ಸಿಗುತ್ತದೆ. ಅದೇ ಅಳತೆಯ ಟ್ಯೂಬ್-ಫಿನ್ ಕೂಲರ್‌ಗಿಂತ ಇದು ಹೆಚ್ಚು ಶಾಖ ತೆಗೆಯುತ್ತದೆ, ಆಯಿಲ್ ಹರಿವನ್ನೂ ಕಡಿಮೆ ತಡೆಯುತ್ತದೆ. ಸುರಂಗ 11,158 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಕೂಲರ್ ತೆಗೆಯುವ ಶಾಖವೂ ಕಡಿಮೆ. ಹಾಗಾಗಿ ಎರಡು ಸೈಜಿನ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಆರಿಸಿ. ಗ್ರಿಲ್ ಹಿಂದೆ ಬಗ್ಗಿಯೂ ನೋಡಿ: ಟ್ರೇಲರಿಂಗ್ ಪ್ಯಾಕೇಜಿನ ಗಾಡಿಯಾದರೆ ಕಂಪನಿಯದೇ ಸಣ್ಣ ಕೂಲರ್ ಅಲ್ಲಿರುತ್ತದೆ. ಅದನ್ನು ತೆಗೆದು ಅದೇ ಜಾಗಕ್ಕೆ ಹೊಸದು ಕೂರಿಸಿದರೆ ಅರ್ಧ ಕೆಲಸ ಉಳಿಯಿತು.

ರೇಡಿಯೇಟರ್ ಒಳಗಿನ ಕೂಲರನ್ನು ಬೈಪಾಸ್ ಮಾಡಬೇಡಿ. ಕೊಲೊರಾಡೊ ಚಳಿಗಾಲದಲ್ಲಿ ಆಯಿಲನ್ನು ಬೆಚ್ಚಗೆ ಮಾಡುವುದೂ ಅದೇ. ಕ್ರಮ ಹೀಗಿರಲಿ: ಟ್ರಾನ್ಸ್‌ಮಿಷನ್‌ನಿಂದ ರೇಡಿಯೇಟರ್, ಅಲ್ಲಿಂದ ಹೊಸ ಕೂಲರ್, ಅಲ್ಲಿಂದ ವಾಪಸ್. ಅಂದರೆ ನೀವು ಬಿಚ್ಚಬೇಕಾದದ್ದು ರೇಡಿಯೇಟರಿನಿಂದ ಹೊರಬರುವ ಲೈನ್. ಯಾವುದು ಅಂತ ಊಹಿಸಬೇಡಿ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎರಡೂ ಪೈಪ್ ನೋಡುತ್ತಿರಿ. ಮೊದಲು ಬಿಸಿಯಾಗುವುದು ಟ್ರಾನ್ಸ್‌ಮಿಷನ್‌ನಿಂದ ಬರುವ ಲೈನ್. ನಿಮಗೆ ಬೇಕಾದದ್ದು ಇನ್ನೊಂದು.

ಕೂಲರನ್ನು ಎಸಿ ಕಂಡೆನ್ಸರ್ ಮುಂದೆ ಕೂರಿಸಿ. ಕಿಟ್ ಜೊತೆ ಬರುವ, ಕಂಡೆನ್ಸರ್ ಫಿನ್‌ಗಳ ನಡುವೆ ತೂರಿಸುವ ಪ್ಲಾಸ್ಟಿಕ್ ಕಡ್ಡಿಗಳನ್ನು ದಯವಿಟ್ಟು ಎಸೆದುಬಿಡಿ. ಗಾಡಿ ಕುಲುಕಿದಂತೆಲ್ಲ ಅವು ಉಜ್ಜಿ ಉಜ್ಜಿ ಕಂಡೆನ್ಸರ್ ಟ್ಯೂಬನ್ನೇ ತೂತು ಮಾಡುತ್ತವೆ. ಕಚ್ಚಾರಸ್ತೆಯಲ್ಲಿ ಓಡಿಸುವ ಲಿಫ್ಟೆಡ್ ಗಾಡಿಯಲ್ಲಿ ಇನ್ನೂ ಬೇಗ. ಕೋರ್ ಸಪೋರ್ಟ್‌ಗೆ (ರೇಡಿಯೇಟರ್ ಹಿಡಿದಿರುವ ಚೌಕಟ್ಟಿಗೆ) ಅಲ್ಯುಮಿನಿಯಂ ಪಟ್ಟಿಯ ಬ್ರಾಕೆಟ್ ಮಾಡಿ, ರಬ್ಬರ್ ಬುಷ್ ಹಾಕಿ ಬೋಲ್ಟ್ ಮಾಡಿ. ಕಂಡೆನ್ಸರ್‌ಗೆ ತಾಗದಂತೆ ಅರ್ಧ ಇಂಚು ಸಂದು ಇರಲಿ. ಪೋರ್ಟ್‌ಗಳು ಮೇಲಕ್ಕೆ ಅಥವಾ ಪಕ್ಕಕ್ಕೆ ಇರಬೇಕು. ಕೆಳಮುಖವಾಗಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಲೈನ್‌ಗಳಲ್ಲೇ. ಪೈಪು 3/8 ಇಂಚಿನದು, ಅಂದರೆ ಎಎನ್ (ಫಿಟ್ಟಿಂಗ್ ಅಳತೆಯ ಒಂದು ಪದ್ಧತಿ) ಲೆಕ್ಕದಲ್ಲಿ 6ನೇ ನಂಬರ್. ರೇಡಿಯೇಟರ್ ಬಳಿಯ ಕ್ವಿಕ್ ಕನೆಕ್ಟ್ ಬಿಚ್ಚಲು ಪ್ಲಾಸ್ಟಿಕ್ ಕಾಲರನ್ನು ಹಿಂದಕ್ಕೆ ಸರಿಸಿ, ಒಳಗಿನ ಸ್ಪ್ರಿಂಗ್ ಕ್ಲಿಪ್ಪನ್ನು ಸಣ್ಣ ಕೊಕ್ಕೆಯಿಂದ ಎಬ್ಬಿಸಿ, ಪೈಪ್ ನೇರವಾಗಿ ಎಳೆಯಿರಿ. ಮತ್ತೆ ಕೂರಿಸುವಾಗ ಹೊಸ ಕ್ಲಿಪ್ ಹಾಕಿ, ಟಕ್ ಅಂದ ಮೇಲೂ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಕಾಲರ್ ಫಿಟ್ಟಿಂಗ್‌ಗೆ ಸಮನಾಗಿ ಕೂರದಿದ್ದರೆ ಪೈಪ್ ಪೂರ್ತಿ ಒಳಗೆ ಹೋಗಿಲ್ಲ ಎಂದೇ ಅರ್ಥ.

ಉಕ್ಕಿನ ಪೈಪನ್ನು ಮೊಂಡಾಗಿ ಕತ್ತರಿಸಿ ಹೋಸ್ ತೂರಿಸಿ ಕ್ಲ್ಯಾಂಪ್ ಬಿಗಿದರೆ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ. ಬಿಸಿ ಆಯಿಲ್ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಪೈಪಿನ ತುದಿಗೆ ಉಬ್ಬು ಮಾಡಿ, ಇಲ್ಲವೇ ಫ್ಲೇರ್ ಮಾಡಿ (ಬಾಯಿ ಅಗಲಿಸಿ) ಫಿಟ್ಟಿಂಗ್ ಹಾಕಿ. ಎಎನ್ ಫಿಟ್ಟಿಂಗ್‌ಗೆ 37 ಡಿಗ್ರಿ ಫ್ಲೇರ್ ಬೇಕು. ಬ್ರೇಕ್ ಪೈಪಿಗೆ ಬಳಸುವ ಸಾಮಾನ್ಯ ಫ್ಲೇರ್ ಉಪಕರಣ ಮಾಡುವುದು 45 ಡಿಗ್ರಿ. ಎರಡನ್ನೂ ಸೇರಿಸಿದರೆ ನಟ್ ಬಿಗಿಯಾಗುತ್ತದೆ, ಆದರೆ ಅಂಚಿನಲ್ಲಷ್ಟೇ ಕೂತು ಜಿನುಗುತ್ತಲೇ ಇರುತ್ತದೆ. ಇನ್ನೂ ಬಿಗಿದರೆ ಫ್ಲೇರ್ ಸೀಳುತ್ತದೆ.

ಹೋಸ್ ಮೇಲೆ ಎಸ್‌ಎಇ ಜೆ1532 ಎಂದು ಇರಬೇಕು. ಅದು ಟ್ರಾನ್ಸ್‌ಮಿಷನ್ ಆಯಿಲ್‌ಗೆಂದೇ ಮಾಡಿದ್ದು. ಪೆಟ್ರೋಲ್ ಹೋಸ್ ಬೇಡ. ಗರಗಸದಿಂದ ಕತ್ತರಿಸಿದರೆ ರಬ್ಬರ್ ಪುಡಿ ಒಳಗೆ ಉಳಿದು ವಾಲ್ವ್‌ವರೆಗೂ ಹೋಗುತ್ತದೆ. ಹರಿತವಾದ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ. ಸೀಳು ಇರುವ ವರ್ಮ್ ಕ್ಲ್ಯಾಂಪ್ ಬದಲು, ಒಳಮೈ ನಯವಾಗಿರುವ ಫ್ಯುಯೆಲ್ ಇಂಜೆಕ್ಷನ್ ಕ್ಲ್ಯಾಂಪ್ ಹಾಕಿ.

ಇಂಜಿನ್ ಮತ್ತು ಟ್ರಾನ್ಸ್‌ಮಿಷನ್ ರಬ್ಬರ್ ಮೌಂಟ್ ಮೇಲೆ ವಾಲಾಡುತ್ತವೆ, ರೇಡಿಯೇಟರ್ ಹಾಗಲ್ಲ. ಆದ್ದರಿಂದ ಅವುಗಳ ನಡುವೆ ಎಲ್ಲೋ ಒಂದು ಕಡೆ ಸಡಿಲವಾದ ಹೋಸ್ ಇರಲೇಬೇಕು. ಕ್ಯಾಬಿನ್ನನ್ನೂ ಎತ್ತಿ ಬಾಡಿ ಲಿಫ್ಟ್ ಮಾಡಿಸಿದ್ದರೆ ಹಳೆಯ ಪೈಪ್ ಈಗಾಗಲೇ ಎಳೆದುಕೊಂಡಿರಬಹುದು, ಪರೀಕ್ಷಿಸಿ. ಅಡಿಗೊಂದು ರಬ್ಬರ್ ಪಟ್ಟಿಯ ಪಿ ಕ್ಲ್ಯಾಂಪ್, ಎಕ್ಸಾಸ್ಟ್‌ನಿಂದ ಕನಿಷ್ಠ 4 ಇಂಚು ದೂರ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲೂ ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ವಾಪಸ್ ಲೈನ್‌ಗೆ ಆಯಸ್ಕಾಂತ ಇರುವ ಇನ್‌ಲೈನ್ ಫಿಲ್ಟರ್ ಹಾಕಿ, ಬಾಣದ ಗುರುತು ಟ್ರಾನ್ಸ್‌ಮಿಷನ್ ಕಡೆಗಿರಲಿ. ಹಿಂದೆ ಎಂದಾದರೂ ಟ್ರಾನ್ಸ್‌ಮಿಷನ್ ಸುಟ್ಟಿದ್ದರೆ ಹಳೆಯ ಕೂಲರನ್ನು ತೊಳೆದು ಬಳಸಬೇಡಿ. ಪ್ಲೇಟ್‌ಗಳ ನಡುವಿನ ಲೋಹದ ಪುಡಿ ಪೂರ್ತಿ ಹೊರಬರುವುದಿಲ್ಲ.

ಕೊನೆಗೆ ಹರಿವಿನ ಪರೀಕ್ಷೆ. ವಾಪಸ್ ಲೈನನ್ನು ಟ್ರಾನ್ಸ್‌ಮಿಷನ್‌ಗೆ ಜೋಡಿಸುವ ಮುನ್ನ ಬಕೆಟ್‌ಗೆ ಬಿಟ್ಟು, ಪಾರ್ಕ್‌ನಲ್ಲಿ 20 ಸೆಕೆಂಡ್ ಮಾತ್ರ ಇಂಜಿನ್ ಓಡಿಸಿ. ಸುಮಾರು 1 ಲೀಟರ್ ಬಂದರೆ ದಾರಿ ಸಲೀಸಾಗಿದೆ. ತೀರಾ ಕಡಿಮೆ ಬಂದರೆ ಹೋಸ್ ಮಡಚಿದೆಯೇ ನೋಡಿ. ಚೆಲ್ಲಿದಷ್ಟು ಡೆಕ್ಸ್‌ರಾನ್ 6 ಟ್ರಾನ್ಸ್‌ಮಿಷನ್ ಆಯಿಲ್ ಹಾಕಿ, ಕೂಲರ್ ಮತ್ತು ಹೋಸ್ ತುಂಬಲು ಅರ್ಧದಿಂದ 1 ಲೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ಮಟ್ಟ ನೋಡುವುದು ಆಯಿಲ್ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಪಾರ್ಕ್‌ನಲ್ಲಿ ಇಂಜಿನ್ ಓಡುತ್ತಿರುವಾಗಲೇ. ಜಾಸ್ತಿ ತುಂಬಿದರೆ ಒಳಗಿನ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಯಿಂದ ಮತ್ತೆ ಬಿಸಿ. ಮೊದಲ ಓಟದ ನಂತರ ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಿಡಿದು ಒರೆಸಿ ನೋಡಿ. ಕೆಂಪು ಕಲೆ ಕಂಡಲ್ಲಿ ಸರಿಮಾಡಿದ ಮೇಲೆಯೇ ಟ್ರೇಲರ್ ಕಟ್ಟಿ.