ನೀರಿಗೆ ಬಿದ್ದರೂ ಬಿಚ್ಚಿಕೊಳ್ಳದ ಲೇಸ್

ಪ್ರಶ್ನೆ: ಕುಪ್ಪಸದ ತೋಳಿಗೆಂದು ಎಂಬ್ರಾಯಿಡರಿ ಮಷಿನ್‌ನಲ್ಲಿ, ನೀರಿನಲ್ಲಿ ಕರಗುವ ಹಾಳೆಯ ಮೇಲೆ ಲೇಸ್ ಅಂಚು ಹೊಲಿದೆ. ಫ್ರೇಮ್‌ನಲ್ಲಿದ್ದಾಗ ಚೆನ್ನಾಗಿತ್ತು. ನೀರಿಗೆ ಹಾಕಿದ್ದೇ ತಡ, ಹೂಗಳು ಬಿಡಿಬಿಡಿಯಾಗಿ ದಾರದ ಮುದ್ದೆಯಾಯಿತು. ಡಿಸೈನ್ ಹಿಂದೆ ಸೀರೆಗೆ ಹಾಕಿದ್ದೇ. ತಪ್ಪು ಎಲ್ಲಿ?
– ಓದುಗರು, ವಿರಾಜಪೇಟೆ

ಉತ್ತರ: ತಪ್ಪಿರುವುದು ಡಿಸೈನ್‌ನಲ್ಲೇ. ಸೀರೆಯ ಮೇಲೆ ಹೂವನ್ನೂ ಎಲೆಯನ್ನೂ ಹಿಡಿದಿಟ್ಟುಕೊಳ್ಳುವುದು ಬಟ್ಟೆ. ಇಲ್ಲಿ ಹಾಳೆ ಕರಗಿದ ಮೇಲೆ ಉಳಿಯುವುದು ಬರೀ ದಾರ. ದಾರವನ್ನು ದಾರವೇ ಹಿಡಿಯಬೇಕು. ಹಾಗಾಗಿ ಬಟ್ಟೆಯಿಲ್ಲದ ಲೇಸ್‌ಗೆಂದೇ ತಯಾರಿಸಿದ ಡಿಸೈನ್ ಬೇಕು. ಅದರಲ್ಲಿ ಮೊದಲು ಬಲೆಯಂಥ ಅಡಿಹೊಲಿಗೆ ಬೀಳುತ್ತದೆ, ಆಮೇಲೆ ಅದನ್ನು ಸುತ್ತಿಕೊಂಡು ಒತ್ತೊತ್ತಾಗಿ ಬೀಳುವ ಸ್ಯಾಟಿನ್ ಹೊಲಿಗೆ ಬರುತ್ತದೆ.

ಹೊಲಿಯುವ ಮೊದಲು ಡಿಸೈನನ್ನು ಕಂಪ್ಯೂಟರಿನಲ್ಲಿ ನಿಧಾನವಾಗಿ ಓಡಿಸಿ ನೋಡಿ. ಪ್ರತಿ ಎಸಳೂ ಪಕ್ಕದ ಎಸಳಿಗೋ ಬಲೆಗೋ ಸಿಕ್ಕಿಕೊಂಡಿರಬೇಕು. ಬರೀ ತಾಗಿದ್ದರೆ ಸಾಲದು, ಒಂದರೊಳಗೆ ಒಂದು ಹೊಲಿಗೆ ಹೊಕ್ಕಿರಬೇಕು. ಇಂಥ ಡಿಸೈನನ್ನು ದೊಡ್ಡದು ಚಿಕ್ಕದು ಮಾಡಲು ಹೋಗಬೇಡಿ. ಹಿಗ್ಗಿಸಿದರೆ ಈ ಕೊಂಡಿಗಳೇ ಮೊದಲು ಬಿಡುತ್ತವೆ. ಕುಗ್ಗಿಸಿದರೆ ಹೊಲಿಗೆ ಒತ್ತೊತ್ತಾಗಿ ಹಾಳೆ ತೂತು ಬೀಳುತ್ತದೆ.

ನಡುವೆ ದಾರ ತುಂಡಾದರೆ ಹತ್ತು ಹೊಲಿಗೆ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿ. ಅಲ್ಲಿ ಉಳಿದ ಚಿಕ್ಕ ಸಂದೇ ತೊಳೆದಾಗ ದೊಡ್ಡದಾಗುತ್ತದೆ. ಹೊಲಿಗೆ ಮುಗಿದ ಮೇಲೂ ಫ್ರೇಮ್ ಬಿಚ್ಚುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಸಂದು ಕಂಡರೆ ಅದೇ ದಾರದಿಂದ ಕೈಹೊಲಿಗೆ ಹಾಕಿ. ನೀರು ತಾಗಿದ ಮೇಲೆ ಆ ಅವಕಾಶ ಇರುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಸರಿಯಾಗಿ ಬರುತ್ತಿದ್ದ ಲೇಸ್ ಮಳೆಗಾಲದಲ್ಲಿ ಕೆಡುತ್ತಿದೆ. ಹಾಳೆ ಅಂಟಂಟಾಗಿ ಸಡಿಲವಾಗುತ್ತದೆ, ಅಂಚುಗಳು ಒಂದಕ್ಕೊಂದು ಕೂರುವುದಿಲ್ಲ.
– ಓದುಗರು, ಮಡಿಕೇರಿ

ಉತ್ತರ: ಈ ಹಾಳೆ ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲಿನದು. ಗಾಳಿಯ ತೇವವನ್ನೂ ಹೀರುತ್ತದೆ, ಹೀರಿದಷ್ಟೂ ಜೋಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್‌ನಂಥ ತೆಳು ಹಾಳೆ ಬಿಟ್ಟು, ಬಟ್ಟೆಯಂತೆ ನಾರುನಾರಾಗಿರುವ ಹಾಳೆಯನ್ನು ಎರಡು ಪದರ ಹಾಕಿ. ಟವೆಲ್ ಕಸೂತಿಯ ಮೇಲೆ ಹಾಸುವ ತೆಳು ಹಾಳೆ ಯಾವ ಕಾಲಕ್ಕೂ ಲೇಸ್‌ಗೆ ಸಾಲದು.

ಸುರುಳಿಯನ್ನು ಜಿಪ್ ಕವರಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಬೆಚ್ಚಗಿರುತ್ತದೆಂದು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ, ಹೊಗೆಯ ಬಣ್ಣ ಹಿಡಿಯುತ್ತದೆ. ಹೊಲಿಯಲು ಕೂರುವಾಗಲೇ ಕತ್ತರಿಸಿ, ಡಿಸೈನ್ ಹಿಡಿಸುವ ಅತಿ ಚಿಕ್ಕ ಫ್ರೇಮ್‌ಗೆ ಡೋಲಿನ ಚರ್ಮದಷ್ಟು ಬಿಗಿಯಾಗಿ ಕೂರಿಸಿ. ಜಾರುತ್ತಿದ್ದರೆ ಒಳ ರಿಂಗಿಗೆ ಹತ್ತಿಯ ಪಟ್ಟಿ ಸುತ್ತಿ. ಫ್ರೇಮ್‌ಗೆ ಹಾಕಿದ್ದನ್ನು ರಾತ್ರಿಯಿಡೀ ಬಿಡಬೇಡಿ. ಶುರು ಮಾಡಿದ ಪಟ್ಟಿಯನ್ನು ಒಂದೇ ಕೂರಿಕೆಯಲ್ಲಿ ಮುಗಿಸಿ.

ಪ್ರಶ್ನೆ: ಕೆಂಪು ಲೇಸ್‌ನ ಅಂಚಿನಲ್ಲಿ ಬಿಳಿ ಚುಕ್ಕೆ ಕಾಣುತ್ತಿದೆ.
– ಓದುಗರು, ಗೋಣಿಕೊಪ್ಪ

ಉತ್ತರ: ಅದು ಬಾಬಿನ್ ದಾರ, ಅಂದರೆ ಮಷಿನ್‌ನ ಅಡಿಯಿಂದ ಬರುವ ದಾರ. ಲೇಸ್‌ಗೆ ಎರಡೂ ಬದಿ ಮುಖವೇ, ಆದ್ದರಿಂದ ಮೇಲಿನ ದಾರವನ್ನೇ ಬಾಬಿನ್‌ಗೂ ಸುತ್ತಿ. ಇದು ಸಾಮಾನ್ಯ ಬಾಬಿನ್ ದಾರಕ್ಕಿಂತ ದಪ್ಪವಾದ್ದರಿಂದ ಬಾಬಿನ್ ಕೂರುವ ಕೇಸ್‌ನ ಸ್ಕ್ರೂ ಸ್ವಲ್ಪ ಸಡಿಲಿಸಬೇಕಾದೀತು. ಇದಕ್ಕೆಂದೇ ಇನ್ನೊಂದು ಕೇಸ್ ಇಟ್ಟುಕೊಳ್ಳುವುದು ಒಳ್ಳೆಯದು. 40ನೇ ನಂಬರಿನ ಪಾಲಿಯೆಸ್ಟರ್ ದಾರ, 75/11ರ ಹೊಸ ಸೂಜಿ, ನಿಮಿಷಕ್ಕೆ 400ರಿಂದ 600 ಹೊಲಿಗೆ ಸಾಕು. ಕೆಂಪು ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬಳಸಬೇಡಿ.

ಪ್ರಶ್ನೆ: ತೋಳಿನ ಸುತ್ತಳತೆ 24 ಸೆಂ.ಮೀ. ನನ್ನ ಫ್ರೇಮ್‌ನಲ್ಲಿ 9.5 ಸೆಂ.ಮೀ. ಪಟ್ಟಿ ಬರುತ್ತದೆ, ಅದರಲ್ಲಿ ಐದು ಕಮಾನುಗಳಿವೆ. ಎರಡು ಪಟ್ಟಿ ಸಾಲದು, ಮೂರು ಹೆಚ್ಚಾಗುತ್ತದೆ.
– ಓದುಗರು, ಸೋಮವಾರಪೇಟೆ

ಉತ್ತರ: ಲೆಕ್ಕವನ್ನು ಪಟ್ಟಿಯಲ್ಲಿ ಹಾಕಬೇಡಿ, ಕಮಾನಿನಲ್ಲಿ ಹಾಕಿ. ಒಂದು ಕಮಾನು 1.9 ಸೆಂ.ಮೀ. ಹದಿಮೂರು ಕಮಾನಿಗೆ 24.7 ಸೆಂ.ಮೀ. ಆಗುತ್ತದೆ. ಉಳಿಯುವ 7 ಮಿ.ಮೀ.ನಲ್ಲಿ ಹೆಚ್ಚಿನದು ಮೂರು ಜೋಡಣೆಗಳಲ್ಲಿ ಸೇರಿಹೋಗುತ್ತದೆ. ಅಂದರೆ ಐದರ ಎರಡು ಪಟ್ಟಿ, ಮೂರರ ಒಂದು. ಮೂರರ ಪಟ್ಟಿಯನ್ನು ಡಿಸೈನ್‌ನಲ್ಲೇ ಕಡಿಮೆ ಮಾಡಿ, ಕೊನೆಗೆ ಗಂಟು ಹೊಲಿಗೆ ಬರುವಂತೆ ನೋಡಿಕೊಳ್ಳಿ. ಹೊಲಿದದ್ದನ್ನು ಕತ್ತರಿಯಿಂದ ತುಂಡರಿಸಿದರೆ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಮೊದಲು ಒಂದೇ ಪಟ್ಟಿ ಹೊಲಿದು, ತೊಳೆದು, ಒಣಗಿಸಿ ಅಳೆಯಿರಿ. ತೊಳೆದ ಮೇಲೆ ಲೇಸ್ ತುಸು ಎಳೆದುಕೊಳ್ಳುವುದುಂಟು. ಲೆಕ್ಕಕ್ಕೆ ಆ ಅಳತೆಯೇ ಬೇಕು.

ತೊಳೆಯುವ ಮುನ್ನ ಸುತ್ತ 5 ಮಿ.ಮೀ. ಬಿಟ್ಟು ಹಾಳೆ ಕತ್ತರಿಸಿ. ಉಗುರುಬೆಚ್ಚಗಿನ ನೀರನ್ನು ಎರಡು ಮೂರು ಸಲ ಬದಲಿಸಿ, ಕೈಗೆ ಲೋಳೆ ಹತ್ತದಷ್ಟು ತೊಳೆಯಿರಿ. ಅಲಂಕಾರದ ತೂಗುಗೊಂಡೆಗೆ ಸ್ವಲ್ಪ ಅಂಟು ಉಳಿದರೆ ಬಿಗಿ ಬರುತ್ತದೆ, ಒಳ್ಳೆಯದೇ. ತೋಳಿನ ಅಂಚಿನಲ್ಲಿ ಉಳಿದರೆ ಮಣಿಕಟ್ಟಿಗೆ ಚುಚ್ಚುತ್ತದೆ, ನಮ್ಮ ಮಳೆಗಾಲಕ್ಕೆ ಮತ್ತೆ ಅಂಟುತ್ತದೆ. ನೇತುಹಾಕಬೇಡಿ, ಉದ್ದಕ್ಕೆ ಎಳೆದುಕೊಳ್ಳುತ್ತದೆ. ಥರ್ಮಾಕೋಲ್ ಮೇಲೆ ಟವೆಲ್ ಹಾಸಿ, ತುಕ್ಕು ಹಿಡಿಯದ ಪಿನ್ ಚುಚ್ಚಿ, ಫ್ಯಾನ್ ಗಾಳಿಗೆ ಒಣಗಿಸಿ.

ಜೋಡಿಸುವಾಗ ತುದಿಗಳನ್ನು 2 ಮಿ.ಮೀ. ಒಂದರ ಮೇಲೊಂದಿಟ್ಟು, ಅಡಿಗೆ ಕರಗುವ ಹಾಳೆಯ ಚೂರಿಟ್ಟು, 2 ಮಿ.ಮೀ. ಅಗಲದ ಜಿಗ್‌ಜಾಗ್ ಹಾಕಿ. ಚೂರನ್ನು ಆಮೇಲೆ ತೊಳೆದು ತೆಗೆಯಿರಿ. ಕುಪ್ಪಸದ ಬಟ್ಟೆ ಕುಗ್ಗುವುದಿದ್ದರೆ ಲೇಸ್ ಕೂಡಿಸುವ ಮೊದಲೇ ಕುಗ್ಗಿಸಿಕೊಳ್ಳಿ, ಇಲ್ಲವಾದರೆ ಮೊದಲ ಒಗೆತಕ್ಕೇ ಅಂಚು ಸುಕ್ಕುಗಟ್ಟುತ್ತದೆ.